ಆಪರೇಷನ್‌ಗೆ ಮುಂಚೆ ಎದೆ ಢವಢವ: ಪದೇ ಪದೇ ಕೇಳೋ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಸರ್ಜರಿ ವಾರ್ಡ್ ನರ್ಸ್ ಕೆಲಸ ನಂದು. ಪೇಷೆಂಟ್‌ಗಳು, ಅವರ ಜೊತೆ ಬಂದೋರು, ಊರಿಂದ ಫೋನ್ ಮಾಡೋ ನೆಂಟ್ರು, ಆಮೇಲೆ ಮನೆಗೆ ಹೋಗಿ ಕಾಗದ ಬರೆದೋರು, ಎಲ್ರೂ ಸುತ್ತಿ ಬಳಸಿ ಕೇಳೋದು ಇವನ್ನೇ. ಅವರು ಕೇಳಿದ ಮಾತಲ್ಲೇ ಹಾಕಿದೀನಿ. ನೀವು ಇಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಪ್ರೈವೇಟ್‌ಗೆ ಹೋಗಿ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ, ಹೆದರಿಕೆ ಮಾತ್ರ ಎಲ್ಲಾ ಕಡೆ ಒಂದೇ ಥರ ಇರುತ್ತೆ. ನಿಮ್ಮ ಡಾಕ್ಟ್ರು ಬೇರೆ ಏನಾದ್ರೂ ಹೇಳಿದ್ರೆ ಅವರ ಮಾತೇ ಫೈನಲ್, ಅವರು ನಿಮ್ಮನ್ನ ನೋಡಿರ್ತಾರೆ, ನಾನು ನೋಡಿಲ್ಲ.

## ಮೊದಮೊದಲು ಕೇಳೋವು

ಸಣ್ಣ ಆಪರೇಷನ್ ಅಂತಾರೆ, ಆದ್ರೂ ನಂಗೆ ಇಷ್ಟು ಹೆದರಿಕೆ ಆಗ್ತದಲ್ಲ, ಇದು ನಾರ್ಮಲ್ಲಾ?

ಹೂಂ, ನಾರ್ಮಲ್ಲೇ. ಸಣ್ಣದು ಅನ್ನೋದು ಡಾಕ್ಟ್ರ ಲೆಕ್ಕ, ಅವರು ವಾರಕ್ಕೆ ಎಷ್ಟೋ ಮಾಡಿರ್ತಾರೆ, ನಿಮಗೆ ಇದು ಮೊದಲ್ನೇದು. ಬಾಯಿ ಒಣಗೋದು, ಅಂಗೈ ಬೆವರೋದು, ಮತ್ತೆ ಮತ್ತೆ ಉಚ್ಚೆಗೆ ಹೋಗ್ಬೇಕು ಅನ್ಸೋದು, ಹೊಟ್ಟೆ ಕಲಸೋದು, ಯಾರಾದ್ರೂ ಮಾತಾಡಿಸಿದ್ರೆ ಸಿಟ್ಟು ಬರೋದು, ಇವೆಲ್ಲ ಅಡ್ರಿನಲಿನ್ ಕೆಲಸ. ನಲವತ್ತು ಅಡಿ ಅಡಿಕೆ ಮರ ಹತ್ತಿ ಮರದಿಂದ ಮರಕ್ಕೆ ಜೋತಾಡೋ ಕೊನೆಗಾರರು ಹರ್ನಿಯಾ ಆಪರೇಷನ್‌ಗೆ ಬಂದು ಸೂಜಿ ನೋಡಿ ಮುಖ ತಿರುಗಿಸ್ತಾರೆ, ಅದಕ್ಕೂ ಧೈರ್ಯಕ್ಕೂ ಸಂಬಂಧ ಇಲ್ಲ. ಮರದ ಮೇಲೆ ಕೈಕಾಲು ಅವರ ಹಿಡಿತದಲ್ಲಿ ಇರುತ್ತೆ, ಇಲ್ಲಿ ಬೇರೆಯವರ ಕೈಗೆ ಕೊಟ್ಟು ಮಲಗಬೇಕು, ಅಷ್ಟೇ ವ್ಯತ್ಯಾಸ.

ಎಲ್ರೂ ಧೈರ್ಯ ತಗೋ ಅಂತಾರೆ, ಧೈರ್ಯ ಎಲ್ಲಿಂದ ತಗೊಳ್ಲಿ?

ಈ ಮಾತು ಕೇಳಿದ್ರೆ ನಂಗೂ ಕೋಪ ಬರುತ್ತೆ ಮಾರಾಯ್ರೆ. "ಏನೂ ಆಗಲ್ಲ, ಹೆದರ್ಬೇಡ" ಅಂದ್ರೆ ಪೇಷೆಂಟ್ ಬಾಯಿ ಮುಚ್ಚಿಸಿದ ಹಾಗೆ, ಆಮೇಲೆ ಅವರು ಹೆದರಿಕೆ ಹೇಳೋದೇ ಬಿಡ್ತಾರೆ. ಕೇಳಬೇಕಾಗಿರೋದು ಒಂದೇ: "ಯಾವುದಕ್ಕೆ ಹೆದರಿಕೆ ಆಗ್ತಿದೆ?" ಸುಮ್ನೆ ಆಪರೇಷನ್ ಅಂದ್ರೆ ಭಯ ಅನ್ನೋರು ನನ್ನ ಪ್ರಕಾರ ಕಮ್ಮಿ, ಸ್ವಲ್ಪ ಕೆದಕಿದ್ರೆ ಒಳಗೆ ಒಂದು ನಿರ್ದಿಷ್ಟ ವಿಷಯ ಇರುತ್ತೆ. ಎಚ್ಚರ ಆಗಲ್ವೇನೋ ಅಂತ ಒಬ್ಬರಿಗೆ, ನೋವು ತಡ್ಕೊಳ್ಳೋಕೆ ಆಗಲ್ವೇನೋ ಅಂತ ಇನ್ನೊಬ್ಬರಿಗೆ, ಬಟ್ಟೆ ಬಿಚ್ತಾರಂತೆ ಅನ್ನೋ ನಾಚಿಕೆ ಮತ್ತೊಬ್ಬರಿಗೆ, ಬಿಲ್ಲಿನ ಚಿಂತೆ ಸುಮಾರು ಎಲ್ರಿಗೂ.

ಹೊಸನಗರ ಕಡೆಯ ಅಡಿಕೆ ತೋಟದ ಯಜಮಾನ್ರು ಒಬ್ರು, ಪಿತ್ತಕೋಶದ ಕಲ್ಲಿಗೆ ಅಡ್ಮಿಟ್ ಆಗಿದ್ರು, ಜೋರು ಮಳೆಗಾಲ. ಬಿಪಿ ಇಳೀತಾನೇ ಇಲ್ಲ, ಮಗ ಪಕ್ಕದಲ್ಲಿ ಕೂತು ಧೈರ್ಯ ಹೇಳಿದ್ದೂ ಹೇಳಿದ್ದೇ. ನಾನು ಕೇಳಿದೆ, ಯಜಮಾನ್ರೆ ಯಾವುದರ ಚಿಂತೆ ಅಂತ. ಸ್ವಲ್ಪ ಹೊತ್ತು ಸೂರು ನೋಡಿ, "ಎರಡನೇ ಔಷಧಿ ಹೊಡೆದಾಗಿಲ್ಲ ಸಿಸ್ಟರ್, ಕೊಳೆ ಬಂದ್ರೆ ಈ ಸಲದ ಫಸಲು ಹೋಯ್ತು" ಅಂದ್ರು. ಆಪರೇಷನ್ ಅವರ ತಲೇಲೇ ಇರ್ಲಿಲ್ಲ! ಮಗ ಎದ್ದು ಹೊರಗೆ ಹೋಗಿ ಫೋನ್ ಮೇಲೆ ಫೋನ್ ಮಾಡಿ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋರನ್ನ ಹಿಡಿದು, ಮಳೆ ಹೊಳವಾದ ದಿನ ಬರ್ತಾರೆ ಅಂತ ಬಂದು ಹೇಳಿದ, ಸಂಜೆ ರೌಂಡ್ಸ್‌ಗೆ ಬಿಪಿ ನೋಡಿದ್ರೆ ಇಳಿದಿತ್ತು, ರಾತ್ರಿ ಗೊರಕೆ ಹೊಡೆದು ಮಲಗಿದ್ರು. ಹಾಗಾಗಿ ಮೊದಲು ಹೆದರಿಕೆಯ ಹೆಸರು ಹೇಳಿಸಿ, ಪರಿಹಾರ ಆಮೇಲೆ. ಎಷ್ಟೋ ಸಲ ಪರಿಹಾರ ಆಸ್ಪತ್ರೆ ಹೊರಗೇ ಇರುತ್ತೆ.

ಟೆನ್ಷನ್‌ಗೆ ಬಿಪಿ ಜಾಸ್ತಿ ಆದ್ರೆ ಆಪರೇಷನ್ ಮಾಡ್ದೆ ವಾಪಸ್ ಕಳಿಸ್ತಾರಂತೆ ಹೌದಾ?

ಸ್ವಲ್ಪ ಏರಿದ್ದಕ್ಕೆಲ್ಲ ಕಳಿಸಲ್ಲ. ಅರ್ಜೆಂಟ್ ಇಲ್ಲದ ಆಪರೇಷನ್‌ಗೆ 180/110ಕ್ಕಿಂತ ಕಮ್ಮಿ ಇದ್ರೆ ಮುಂದುವರಿಬಹುದು ಅಂತ 2016ರ ಬ್ರಿಟನ್ ಗೈಡ್‌ಲೈನ್ ಇದೆ, ನಮ್ಮಲ್ಲೂ ಸುಮಾರು ಅರಿವಳಿಕೆ (ಅನಸ್ತೇಶಿಯಾ) ಡಾಕ್ಟ್ರು ಅದೇ ಅಂದಾಜಲ್ಲಿ ನೋಡ್ತಾರೆ, ಹಾರ್ಟ್ ತೊಂದರೆ ಇದ್ದೋರಿಗೆ ಲೆಕ್ಕ ಬೇರೆ. ಮನೇಲಿ ಚೆಕ್ ಮಾಡಿ ಬರೆದಿಟ್ಟ ಬಿಪಿ ಚೀಟಿ ಇದ್ರೆ ತನ್ನಿ, ಇದು ಆಸ್ಪತ್ರೆ ವಾಸನೆಗೆ ಏರಿದ ಬಿಪಿನಾ ನಿಜವಾದ ಬಿಪಿನಾ ಅಂತ ಅವರಿಗೆ ಗೊತ್ತಾಗುತ್ತೆ. ತುಂಬಾ ಗಾಬರಿ ಇದ್ದೋರಿಗೆ ಮತ್ತಿನ ಔಷಧಿ ಸ್ವಲ್ಪ ಜಾಸ್ತಿ ಬೇಕಾಗಬಹುದು, ಎದ್ದ ಮೇಲೆ ನೋವೂ ಜಾಸ್ತಿ ಅನ್ಸಬಹುದು, ಅದಕ್ಕೇ ಹೆದರಿಕೆ ಮುಚ್ಚಿಡಬೇಡಿ ಅನ್ನೋದು. ದಿನಾ ತಗೊಳ್ಳೋ ಬಿಪಿ ಮಾತ್ರೆ ಆವತ್ತು ಬೆಳಗ್ಗೆ ತಗೋಬೇಕಾ ಬಿಡಬೇಕಾ ಅಂತ ಕೇಳ್ಕೊಳ್ಳಿ, ಕೆಲವು ತಗೋ ಅಂತಾರೆ ಕೆಲವು ಬಿಡು ಅಂತಾರೆ. ಶುಗರ್ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ, ನಾಟಿ ಔಷಧಿ ಇದ್ರೆ ಅದನ್ನೂ ಹೇಳಿ, ಬೈತಾರೆ ಅಂತ ನಾಟಿ ಔಷಧಿ ಬಚ್ಚಿಡೋರು ಜಾಸ್ತಿ.

ಡಾಕ್ಟ್ರು ಎರಡು ನಿಮಿಷ ನಿಂತು ಹೋಗ್ತಾರೆ, ಅವರು ಹೋದ ಮೇಲೆ ಎಲ್ಲಾ ಪ್ರಶ್ನೆ ನೆನಪಾಗುತ್ತೆ, ಏನ್ ಮಾಡ್ಲಿ?

ಚೀಟೀಲಿ ಬರೆದಿಟ್ಕೊಳ್ಳಿ, ಬರೆಯೋಕೆ ಬರಲ್ಲ ಅಂದ್ರೆ ಮಕ್ಕಳ ಮೊಬೈಲಲ್ಲಿ ಹೇಳಿ ರೆಕಾರ್ಡ್ ಮಾಡಿಸಿ. ಎಷ್ಟು ಹೊತ್ತು ಹಿಡಿಯುತ್ತೆ, ಪೂರ್ತಿ ಮತ್ತು ಕೊಡ್ತೀರಾ ಸೊಂಟದ ಕೆಳಗೆ ಮಾತ್ರನಾ, ಎದ್ದಾಗ ಮೈಮೇಲೆ ಏನೇನು ಪೈಪ್ ಇರುತ್ತೆ, ನೋವಿಗೆ ಏನು ಕೊಡ್ತೀರಾ, ಯಾವಾಗ ಊಟ, ಯಾವಾಗ ಮನೆ. ಇಷ್ಟು ಗೊತ್ತಾದ್ರೆ ಅರ್ಧ ಭಾರ ಇಳಿಯುತ್ತೆ. ಇದು ಬರೀ ನನ್ನ ಮಾತಲ್ಲ. 1964ರಲ್ಲಿ ಅಮೆರಿಕದಲ್ಲಿ ಎಗ್ಬರ್ಟ್ ಅನ್ನೋ ಅರಿವಳಿಕೆ ಡಾಕ್ಟ್ರು ಮತ್ತೆ ಜೊತೆಯವರು ಹೊಟ್ಟೆ ಆಪರೇಷನ್ ಪೇಷೆಂಟ್‌ಗಳಲ್ಲಿ ಅರ್ಧ ಜನಕ್ಕೆ ಮುಂಚೇನೇ ಕೂತು ಹೇಳಿದ್ರು: ಇಲ್ಲಿ ನೋವಾಗುತ್ತೆ, ಇಂಥ ಥರ ಆಗುತ್ತೆ, ಹಿಂಗೆ ಮಗ್ಗುಲು ಬದಲಾಯಿಸಿ, ಹಿಂಗೆ ಉಸಿರು ಬಿಡಿ. ಹೇಳಿಸ್ಕೊಂಡೋರಿಗೆ ಆಮೇಲೆ ನೋವಿನ ಇಂಜೆಕ್ಷನ್ ಸುಮಾರು ಅರ್ಧದಷ್ಟು ಸಾಕಾಯ್ತು, ಮನೆಗೂ ಬೇಗ ಹೋದ್ರು. ಖರ್ಚಿಲ್ಲದ ಔಷಧಿ, ಆದ್ರೂ ನಮ್ಮ ವಾರ್ಡ್‌ಗಳಲ್ಲಿ ಇದಕ್ಕೇ ಟೈಮ್ ಇರಲ್ಲ. ಸರ್ಜನ್ ಸಿಗ್ಲಿಲ್ಲ ಅಂದ್ರೆ ಡ್ಯೂಟಿ ಡಾಕ್ಟ್ರನ್ನ ಕೇಳಿ, ನೈಟ್ ಸಿಸ್ಟರ್‌ನ ಕೇಳಿ. ಫಿಟ್‌ನೆಸ್ ನೋಡೋಕೆ ಅರಿವಳಿಕೆ ಡಾಕ್ಟ್ರು ಬರ್ತಾರಲ್ಲ, ಆಪರೇಷನ್ ಪೂರ್ತಿ ನಿಮ್ಮ ತಲೆ ಹತ್ರ ಇರೋರು ಅವರೇ, ಅವರನ್ನ ಮಾತ್ರ ಸುಮ್ನೆ ಬಿಡಬೇಡಿ.

ಹೆದರಿಕೆ ಆಪರೇಷನ್‌ದಲ್ಲ, ದುಡ್ಡಿಂದು. ಇದನ್ನ ಯಾರಿಗೆ ಹೇಳೋದು?

ಅಡ್ಮಿಟ್ ಆದ ದಿನವೇ ಆರೋಗ್ಯ ಮಿತ್ರ (ಸರ್ಕಾರಿ ಸ್ಕೀಮಿನ ಸಹಾಯಕ್ಕೆ ಇರೋರು) ಕೌಂಟರ್‌ಗೆ ಮನೆಯೋರನ್ನ ಕಳಿಸಿ, ರೇಷನ್ ಕಾರ್ಡ್ ಆಧಾರ್ ಎರಡೂ ಕೊಟ್ಟು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಸ್ಕೀಮಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನೋರಿಗೆ ಪ್ಯಾಕೇಜ್ ರೇಟಿನ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಒಳಗೆ ಸಿಗುತ್ತೆ. ಮುಂಚೆ ಅಪ್ರೂವಲ್ ಬೇಕು, ಡಿಸ್ಚಾರ್ಜ್ ದಿನ ಓಡಾಡಿದ್ರೆ ಪ್ರಯೋಜನ ಇಲ್ಲ. ಒಂದು ಮಾತು, ಪೇಷೆಂಟ್ ಕಿವಿಗೆ ಬೀಳೋ ಹಾಗೆ ಬೆಡ್ ಪಕ್ಕ ನಿಂತು ಯಾರ ಹತ್ರ ಎಷ್ಟು ಕೈಗಡ ತಂದ್ವಿ ಅಂತ ಲೆಕ್ಕ ಹಾಕಬೇಡಿ, ಕಣ್ಮುಚ್ಚಿದಾರೆ ಅಂದ್ರೆ ಮಲಗಿದಾರೆ ಅಂತಲ್ಲ.

## ಹಿಂದಿನ ದಿನ, ಹಿಂದಿನ ರಾತ್ರಿ

ಬೆಳಗ್ಗೆ ಕಾಫಿ ಇಲ್ದಿದ್ರೆ ನನ್ ಕೈಲಿ ಆಗಲ್ಲ, ಒಂದು ಗುಟುಕು ಕುಡಿದ್ರೆ ಎಂತ ಆಗ್ತದೆ?

ಹಾಲು ಹಾಕಿದ ಕಾಫಿ ಆದ್ರೆ ಆಪರೇಷನ್ ಮುಂದಕ್ಕೆ ಹೋಗಬಹುದು. ಮತ್ತು ಕೊಟ್ಟಾಗ ಗಂಟಲಿನ ರಕ್ಷಣೆ ಸಡಿಲ ಆಗುತ್ತೆ, ಹೊಟ್ಟೇಲಿ ಇರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಅಪಾಯ, ಉಪವಾಸ ಹಾಕೋದು ಅದಕ್ಕೆ. ಸಾಮಾನ್ಯ ಲೆಕ್ಕ ಅಂದ್ರೆ ಇಡ್ಲಿ ಗಂಜಿ ಥರ ಹಗುರ ಊಟ 6 ಗಂಟೆ ಮುಂಚೆ, ಎಣ್ಣೆ ತುಪ್ಪ ಮಾಂಸ ಇದ್ರೆ 8 ಗಂಟೆ, ಹಾಲೂ ಊಟದ ಲೆಕ್ಕವೇ ಹಾಗಾಗಿ 6 ಗಂಟೆ, ಬರೀ ನೀರು, ಹಾಲಿಲ್ಲದ ಕಾಫಿ ಟೀ 2 ಗಂಟೆ ಮುಂಚೆ ತನಕ. ನಮ್ಮ ಜೀರಿಗೆ ಕಷಾಯ ನೀರಿನ ಥರ ಅಂತ ಒಬ್ಬಮ್ಮ ವಾದ ಮಾಡಿದ್ರು, ಅದಕ್ಕೆ ಹಾಲು ಹಾಕಿರ್ತೀರಲ್ಲ ತಾಯಿ! ರಾತ್ರಿ ಹನ್ನೆರಡರಿಂದ ನೀರೂ ಬೇಡ ಅಂತ ಎಲ್ರಿಗೂ ಒಂದೇ ಸಮ ಹೇಳೋ ಅಭ್ಯಾಸ ಸುಮಾರು ಕಡೆ ಇನ್ನೂ ಇದೆ, ಬಾಯಾರಿ ತಲೆನೋವು ಬಂದು ಗಾಬರಿ ಇನ್ನೂ ಏರುತ್ತೆ, ಹಾಗಾಗಿ "ನಂಗೆ ನೀರು ಎಷ್ಟು ಗಂಟೆ ತನಕ?" ಅಂತ ಬಾಯಿಬಿಟ್ಟು ಕೇಳಿ. ಕೆಲವು ಕಾಯಿಲೆಗಳಲ್ಲಿ ಹೊಟ್ಟೆ ನಿಧಾನ ಖಾಲಿ ಆಗುತ್ತೆ, ಅವರಿಗೆ ಬೇರೆ ಟೈಮ್ ಹೇಳಬಹುದು. ಗೊತ್ತಿಲ್ಲದೆ ಏನಾದ್ರೂ ತಿಂದಿದ್ರೆ ಹೇಳ್ಬಿಡಿ, ಮುಚ್ಚಿಟ್ರೆ ಅದು ನಿಜವಾದ ರಿಸ್ಕ್.

ಕವಳ ಹಾಕ್ಬಹುದಾ? ಅದೇನು ಹೊಟ್ಟೆಗೆ ಹೋಗಲ್ವಲ್ಲ

ಬೇಡ. ಎಲೆ ಅಡಿಕೆ ಜಗಿದ್ರೆ ಜೊಲ್ಲು ಹೊಟ್ಟೆಗೆ ಹೋಗುತ್ತೆ, ಚೂರು ಬಾಯಲ್ಲಿ ಉಳಿಯುತ್ತೆ. ಬೀಡಿ ಸಿಗರೇಟು ನಾಲ್ಕು ವಾರ ಮುಂಚೆ ಬಿಟ್ರೆ ಒಳ್ಳೇದು, ಆಗ್ಲಿಲ್ಲ ಅಂದ್ರೆ ಒಂದು ದಿನ ಮುಂಚೆ ಬಿಟ್ರೂ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತೆ. ದಿನಾ ಕುಡಿಯೋ ಅಭ್ಯಾಸ ಇದ್ರೆ ಡಾಕ್ಟ್ರಿಗೆ ಗುಟ್ಟಾಗಿ ಆದ್ರೂ ಹೇಳಿ, ಎರಡು ದಿನ ಸಿಗದಿದ್ದಾಗ ಬರೋ ನಡುಕನ ಹೆದರಿಕೆ ಅಂತ ತಪ್ಪು ತಿಳ್ಕೊಳ್ಳೋದು ಬೇಡ.

ಹಿಂದಿನ ರಾತ್ರಿ ನಿದ್ದೆ ಮಾತ್ರೆ ಕೇಳಿದ್ರೆ ಕೊಡ್ತಾರಾ?

ಕೇಳಬಹುದು, ಕೊಡೋದು ಬಿಡೋದು ಅರಿವಳಿಕೆ ಡಾಕ್ಟ್ರಿಗೆ ಬಿಟ್ಟಿದ್ದು. ನಿಮ್ಮ ಚೀಲದಲ್ಲಿರೋ ಅತ್ತೆಯ ಮಾತ್ರೇನ ಸುಮ್ನೆ ನುಂಗಬೇಡಿ. ಮೊದಲು ಎಲ್ರಿಗೂ ಒಂದೊಂದು ಬರೆದು ಕೊಡೋ ಪದ್ಧತಿ ಇತ್ತು, ಈಗ ಕಮ್ಮಿ ಆಗ್ತಿದೆ. 2015ರಲ್ಲಿ ಫ್ರಾನ್ಸ್‌ನಲ್ಲಿ ಸಾವಿರಕ್ಕೂ ಮೇಲೆ ಜನರ ಮೇಲೆ ನೋಡಿದಾಗ ಲೊರಾಜೆಪಾಮ್ ಅನ್ನೋ ಗಾಬರಿ ಇಳಿಸೋ ಮಾತ್ರೆ ಕೊಟ್ಟೋರಿಗೂ ಕೊಡದೇ ಇದ್ದೋರಿಗೂ ಒಟ್ಟು ಅನುಭವದಲ್ಲಿ ಹೇಳೋವಂಥ ವ್ಯತ್ಯಾಸ ಕಾಣ್ಲಿಲ್ಲ, ಮಾತ್ರೆ ತಗೊಂಡೋರು ಆಪರೇಷನ್ ಆದ ಮೇಲೆ ಚುರುಕಾಗೋಕೆ ನಿಧಾನ ಆಯ್ತು. ಮೇಲೆ ಹೇಳಿದ ಎಗ್ಬರ್ಟ್ ಅವರೇ 1963ರಲ್ಲಿ ಇನ್ನೊಂದು ನೋಡಿದ್ರು: ಅರಿವಳಿಕೆ ಡಾಕ್ಟ್ರು ಹಿಂದಿನ ದಿನ ಬಂದು ಮಾತಾಡಿಸಿ ಹೋಗಿದ್ದೋರು, ಬರೀ ನಿದ್ದೆ ಔಷಧಿ ತಗೊಂಡೋರಿಗಿಂತ ಸಮಾಧಾನವಾಗಿ ಓಟಿಗೆ (ಆಪರೇಷನ್ ರೂಮಿಗೆ) ಬಂದ್ರು. ಹಾಗಂತ ಮಾತ್ರೆ ಯಾರಿಗೂ ಬೇಡ ಅಂತಲ್ಲ, ಕೈಕಾಲು ನಡುಗೋ ಮಟ್ಟಕ್ಕೆ ಇದ್ರೆ ಓಟಿ ಒಳಗೆ ಮಿಡಾಜೊಲಾಮ್ ಅಂತ ಇಂಜೆಕ್ಷನ್ ಕೈಯ ನರಕ್ಕೇ ಕೊಡ್ತಾರೆ, ಒಂದೆರಡು ನಿಮಿಷದಲ್ಲಿ ಹಗುರ ಆಗುತ್ತೆ.

ತಾಳಿ, ಕಾಲುಂಗುರ ಎಲ್ಲಾ ಬಿಚ್ಚು ಅಂತಾರೆ, ನಮ್ಮತ್ತೆ ಅಳ್ತಾ ಕೂತಿದಾರೆ, ಬಿಚ್ಚಲೇ ಬೇಕಾ?

ಇದು ಗಂಡಸರು ಕೇಳದ ಪ್ರಶ್ನೆ, ಹೆಂಗಸರ ವಾರ್ಡಲ್ಲಿ ದಿನಾ ಇರೋ ಪ್ರಶ್ನೆ. ಕಾರಣ ಮೊದಲು ಹೇಳ್ತೀನಿ: ಆಪರೇಷನ್‌ನಲ್ಲಿ ರಕ್ತ ನಿಲ್ಲಿಸೋಕೆ ಕರೆಂಟಿನ ಕಾಟರಿ ಬಳಸ್ತಾರೆ, ಮೈಮೇಲೆ ಲೋಹ ಇದ್ರೆ ಅಲ್ಲಿ ಸುಡೋ ಸಾಧ್ಯತೆ ಇದೆ. ಕೈಕಾಲು ಊದಿಕೊಂಡ್ರೆ ಉಂಗುರ ಬಿಗಿಯುತ್ತೆ, ಕತ್ತಿನ ಹತ್ರ ಪೈಪ್ ಹಾಕುವಾಗ ಸರ ಅಡ್ಡ ಬರುತ್ತೆ, ಕಳೆದು ಹೋದ್ರೆ ಅದೊಂದು ಗಲಾಟೆ. ಉಗುರು ಬಣ್ಣ ತೆಗೆಸೋದು ಬೆರಳಿಗೆ ಹಾಕೋ ಆಕ್ಸಿಜನ್ ಕ್ಲಿಪ್ ಸರಿಯಾಗಿ ಓದಲಿ ಅಂತ.

ಆದ್ರೆ "ಬಿಚ್ರಿ ಬಿಚ್ರಿ, ಟೈಮಾಯ್ತು" ಅಂತ ಓಟಿ ಬಾಗಿಲಲ್ಲಿ ಅವಸರ ಮಾಡೋದು ನಂಗೆ ಸುತರಾಂ ಇಷ್ಟ ಇಲ್ಲ, ಆ ಗಳಿಗೇಲಿ ಎಷ್ಟು ಜನ ಹೆಂಗಸರು ಒಡೆದು ಹೋಗ್ತಾರೆ ಅಂತ ನೋಡಿದೋರಿಗೇ ಗೊತ್ತು. ಹಿಂದಿನ ದಿನ ಸಂಜೆನೇ ಮನೇಲಿ ದೇವರ ಮುಂದೆ ಬಿಚ್ಚಿ, ಅರಿಶಿನ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಹಾಕ್ಕೊಂಡು ಬರೋರು ಇದಾರೆ, ಅದರಲ್ಲಿ ಲೋಹ ಇಲ್ಲ, ಸುಮಾರು ಕಡೆ ಬಿಡ್ತಾರೆ, ಕತ್ತಿನ ಆಪರೇಷನ್ ಅಲ್ಲದಿದ್ರೆ. ಮುಂಚೆ ಕೇಳ್ಕೊಳ್ಳಿ. ತಾಳೀನ ಗಂಡನ ಕೈಗೋ ಅಮ್ಮನ ಕೈಗೋ ನೀವೇ ಕೊಡಿ, ಆಯಾ ಕೈಗೆ ಕೊಟ್ಟು ಬಟ್ಟೆ ಗಂಟಲ್ಲಿ ಕಟ್ಟಿಸಬೇಡಿ. ಕಾಲುಂಗುರ ಬಿಗಿ ಇದ್ರೆ ಹಿಂದಿನ ದಿನ ಸೋಪ್ ನೀರು ಹಾಕಿ ನಿಧಾನ ತೆಗೀರಿ, ಓಟಿ ಬಾಗಿಲಲ್ಲಿ ಎಳೆದಾಡಿದ್ರೆ ಬೆರಳು ಊದುತ್ತೆ.

ಡೇಟ್ ಕೊಟ್ಟಿದ್ದು ಅಮಾವಾಸ್ಯೆ ದಿನ, ಬೇರೆ ದಿನ ಕೇಳಿದ್ರೆ ಡಾಕ್ಟ್ರು ನಗ್ತಾರಾ?

ಕೆಲವರು ನಗ್ತಾರೆ, ಕೇಳಿ ಪರವಾಗಿಲ್ಲ. ಅರ್ಜೆಂಟ್ ಅಲ್ದೆ ಇದ್ರೆ ಎರಡು ದಿನ ಆಚೀಚೆ ಮಾಡೋಕೆ ಸಾಮಾನ್ಯವಾಗಿ ತೊಂದರೆ ಇಲ್ಲ, ಮನಸ್ಸಿಗೆ ಕೆಟ್ಟದು ಅನ್ನಿಸಿದ ದಿನ ಮಲಗಿ ನಡುಗೋದಕ್ಕಿಂತ ಅದೇ ವಾಸಿ. ಅಪೆಂಡಿಕ್ಸ್, ಸಿಕ್ಕಿಬಿದ್ದ ಹರ್ನಿಯಾ, ಮಗುವಿನ ಎದೆಬಡಿತ ಇಳಿದಿದೆ ಅಂತ ಸಿಸೇರಿಯನ್, ಇಂಥಾದ್ದಕ್ಕೆ ಪಂಚಾಂಗ ತೆಗೀಬೇಡಿ. ಸಿಗಂದೂರು ಚೌಡಮ್ಮಂಗೆ ಹರಕೆ ಹೊತ್ಕೊಳ್ಳಿ, ಕೋಟೆ ಆಂಜನೇಯಂಗೆ ಕಾಯಿ ಒಡೆಸಿ, ಕುಂಕುಮದ ಪೊಟ್ಟಣ ದಿಂಬಿನ ಕೆಳಗೆ ಇಟ್ಕೊಳ್ಳಿ, ನಂಬಿಕೆ ಇದ್ದೋರಿಗೆ ಅದು ಸಮಾಧಾನ ಕೊಡೋದನ್ನ ನಾನೇ ನೋಡ್ತೀನಿ. ಆಪರೇಷನ್ ಆಗೋ ಜಾಗಕ್ಕೆ ಭಸ್ಮ, ಅರಿಶಿನ ಹಚ್ಚೋದು ಮಾತ್ರ ಬೇಡ.

ನೋಡೋಕೆ ಬಂದೋರೆಲ್ಲ "ನಮ್ಮೂರಲ್ಲಿ ಒಬ್ಬರಿಗೆ ಹಿಂಗೇ ಆಗಿ..." ಅಂತ ಕತೆ ಶುರು ಮಾಡ್ತಾರೆ, ಹೆಂಗೆ ತಪ್ಪಿಸ್ಕೊಳ್ಳೋದು?

ಬೆಡ್ ಪಕ್ಕ ಒಬ್ಬರನ್ನ ಕಾವಲು ಇಡಿ, ಮನೇಲಿ ಸ್ವಲ್ಪ ಗಟ್ಟಿ ಬಾಯಿ ಇರೋ ಅತ್ತಿಗೆಯೋ ಚಿಕ್ಕಮ್ಮನೋ ಆದ್ರೆ ಉತ್ತಮ, ಕತೆ ಶುರು ಆಗ್ತಿದ್ದ ಹಾಗೆ "ಬನ್ನಿ ಕೆಳಗೆ ಕ್ಯಾಂಟೀನಲ್ಲಿ ಕಾಫಿ ಕುಡಿಯೋಣ" ಅಂತ ಕರ್ಕೊಂಡು ಹೋಗ್ಲಿ. ಅದೂ ಆಗ್ಲಿಲ್ಲ ಅಂದ್ರೆ ಸಿಸ್ಟರ್‌ಗೆ ಕಣ್ಸನ್ನೆ ಮಾಡಿ, ವಿಸಿಟಿಂಗ್ ಟೈಮ್ ಮುಗೀತು ಅನ್ನೋಕೆ ನಮಗೆ ಖುಷಿನೇ.

## ಓಟಿ ಬಾಗಿಲ ಹತ್ರ

ಸಿಕ್ಕಿದೋರೆಲ್ಲ ಹೆಸರು ಕೇಳ್ತಾರೆ, ಯಾವ ಕಾಲು ಅಂತ ಕೇಳ್ತಾರೆ, ಇವರಿಗೇ ಗೊತ್ತಿಲ್ವಾ?

ಗೊತ್ತಿರುತ್ತೆ, ಗೊತ್ತಿದ್ದೂ ಕೇಳಬೇಕು ಅನ್ನೋದೇ ರೂಲ್. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಚೆಕ್‌ಲಿಸ್ಟ್ ತಂತು: ಮತ್ತು ಕೊಡೋ ಮುಂಚೆ ಒಂದ್ಸಲ, ಕುಯ್ಯೋ ಮುಂಚೆ ಎಲ್ರೂ ಕೈ ನಿಲ್ಲಿಸಿ ಇನ್ನೊಂದ್ಸಲ, ಪೇಷೆಂಟ್ ಹೊರಗೆ ಹೋಗೋ ಮುಂಚೆ ಮತ್ತೊಂದ್ಸಲ. ಹೆಸರು, ಜಾಗ, ಅಲರ್ಜಿ, ಕೊನೆಗೆ ಹತ್ತಿಬಟ್ಟೆ ಸೂಜಿ ಲೆಕ್ಕ. ಕಾಲ ಮೇಲೆ ಪೆನ್ನಲ್ಲಿ ಬಾಣ ಹಾಕೋದೂ ಅದಕ್ಕೇ, ಸ್ನಾನ ಮಾಡುವಾಗ ಉಜ್ಜಿ ಅಳಿಸಬೇಡಿ. ಹೆಸರು ಕೇಳದೆ ಒಳಗೆ ತಳ್ಕೊಂಡು ಹೋದ್ರೆ ಆಗ ಚಿಂತೆ ಮಾಡಿ.

ಟ್ರಾಲಿ ಮೇಲೆ ಮಲಗ್ಸಿ ಬಿಟ್ಟು ಹೋಗ್ತಾರಲ್ಲ, ಎದೆ ಬಡ್ಕೊಳ್ಳೋದು ನಿಲ್ಲಲ್ಲ, ಆ ಹೊತ್ತಿಗೆ ಎಂತ ಮಾಡೋದು?

ಆ ಹದಿನೈದು ಇಪ್ಪತ್ತು ನಿಮಿಷನೇ ಎಲ್ಲಕ್ಕಿಂತ ಕಷ್ಟ. ಸೂರಿನ ಲೈಟ್ ಒಂದೊಂದೇ ಹಿಂದೆ ಸರಿಯೋದು, ಪಾತ್ರೆ ತಾಗಿದ ಹಾಗೆ ಉಪಕರಣದ ಶಬ್ದ, ಯಾರೋ ಒಳಗೆ ಮದುವೆ ಮಾತು ಮಾತಾಡ್ತಾ ನಗೋದು. ಮೊದಲು ಕಂಬಳಿ ಕೇಳಿ. ಓಟಿ ತಣ್ಣಗೆ ಇಟ್ಟಿರ್ತಾರೆ, ತೆಳ್ಳಗಿನ ಗೌನಲ್ಲಿ ಚಳಿಗೆ ನಡುಗೋದನ್ನೇ ನಾವು ಹೆದರಿ ನಡುಗ್ತಿದೀವಿ ಅಂದ್ಕೊಳ್ತೀವಿ, ಹೊದಿಸಿದ ತಕ್ಷಣ ಅರ್ಧ ನಿಲ್ಲುತ್ತೆ. ಆಮೇಲೆ ಉಸಿರು: ಮೂಗಲ್ಲಿ ಮನಸ್ಸಲ್ಲೇ ನಾಲ್ಕು ಎಣಿಸ್ತಾ ಒಳಗೆ, ಬಿಸಿ ಕಾಫಿ ಆರಿಸೋ ಹಾಗೆ ತುಟಿ ಚೂಪು ಮಾಡಿ ಆರು ಎಣಿಸ್ತಾ ಹೊರಗೆ, ನಿಮಿಷಕ್ಕೆ ಆರು ಉಸಿರು ಆಗುತ್ತೆ. ಹೊರಗೆ ಬಿಡೋದು ಉದ್ದ ಇರಬೇಕು, ಎದೆಬಡಿತ ಇಳಿಸೋದು ಅದೇ. ಜೋರಾಗಿ ದೊಡ್ಡ ದೊಡ್ಡ ಉಸಿರು ಎಳೀಬೇಡಿ, ತಲೆ ತಿರುಗಿ ಬೆರಳು ಜುಮ್ಮೆನ್ನುತ್ತೆ, ಆಗ ಗಾಬರಿ ಡಬಲ್. ಹಿಂದಿನ ದಿನವೇ ಬೆಡ್ಡಲ್ಲಿ ನಾಲ್ಕೈದು ಸಲ ಮಾಡಿ ನೋಡಿ, ಓಟೀಲಿ ಹೊಸದಾಗಿ ಕಲಿಯೋಕೆ ಆಗಲ್ಲ. ಕನ್ನಡಕ, ಕಿವಿ ಮೆಷಿನ್ ಮತ್ತು ಕೊಡೋ ತನಕ ಇರ್ಲಿ ಅಂತ ಕೇಳಿ, ಕಾಣದೆ ಕೇಳದೆ ಮಲಗೋದು ಬಾವಿಗೆ ಇಳಿಸಿದ ಹಾಗಿರುತ್ತೆ. ಮತ್ತೆ, ಯಾರಾದ್ರೂ ಹತ್ರ ಬಂದ್ರೆ "ನಂಗೆ ಭಯ ಆಗ್ತಿದೆ" ಅಂದ್ಬಿಡಿ, ಕೈ ಹಿಡ್ಕೊಳ್ಳೋರು ಇದ್ದೇ ಇರ್ತಾರೆ.

ಹಾಡು ಕೇಳ್ತಾ ಇರಬಹುದಾ? ಅದರಿಂದ ನಿಜವಾಗ್ಲೂ ಉಪಯೋಗ ಇದೆಯಾ?

ಇದೆ. 2013ರಲ್ಲಿ ಕಾಕ್ರೇನ್ ಸಂಸ್ಥೆಯೋರು 26 ಅಧ್ಯಯನ, 2051 ಪೇಷೆಂಟ್‌ಗಳ ಲೆಕ್ಕ ಒಟ್ಟು ಮಾಡಿ ನೋಡಿದಾಗ ಆಪರೇಷನ್‌ಗೆ ಮುಂಚೆ ಸಂಗೀತ ಕೇಳಿದೋರಿಗೆ ಆತಂಕ ಕಮ್ಮಿ ಇತ್ತು. ಭಾವಗೀತೆಯೋ ಯಕ್ಷಗಾನದ ಪದವೋ ಭಜನೆಯೋ, ನಿಮಗೆ ಹಿಡಿಸಿದ್ದು. ಚಂಡೆ ಜೋರಿದ್ದಾಗ ಎದೆಯೂ ಜೋರಾಗುತ್ತೆ, ಸ್ವಲ್ಪ ನಿಧಾನದ್ದು ಹಾಕ್ಕೊಳ್ಳಿ. ಮೊಬೈಲ್ ಒಳಗೆ ಬಿಡಲ್ಲ ಸುಮಾರು ಕಡೆ, ವಾರ್ಡಲ್ಲಿ ಇರೋ ತನಕ ಕೇಳಿ, ಇಯರ್‌ಫೋನ್ ಹಾಕ್ಕೊಂಡು, ಪಕ್ಕದ ಬೆಡ್ಡಿನೋರಿಗೂ ಕಿವಿ ಇದೆ.

ಕಿಟಕಿ ಪಕ್ಕದ ಬೆಡ್ ಕೇಳಿದ್ರೆ ಅತಿ ಆಯ್ತು ಅಂತಾರಾ?

ಖಾಲಿ ಇದ್ರೆ ಕೇಳಿ. ರೋಜರ್ ಉಲ್ರಿಚ್ ಅನ್ನೋರು 1984ರಲ್ಲಿ ಪ್ರಕಟಿಸಿದ್ದು ಪ್ರಸಿದ್ಧ: ಪಿತ್ತಕೋಶದ ಆಪರೇಷನ್ ಆದೋರಲ್ಲಿ ಕಿಟಕಿಯಿಂದ ಮರ ಕಾಣೋ ರೂಮಿನ 23 ಜನ, ಇಟ್ಟಿಗೆ ಗೋಡೆ ಕಾಣೋ ರೂಮಿನ 23 ಜನರಿಗಿಂತ ಬೇಗ ಮನೆಗೆ ಹೋದ್ರು, ಜೋರು ನೋವಿನ ಔಷಧಿ ಕಮ್ಮಿ ಸಾಕಾಯ್ತು. ಅದು ಆಪರೇಷನ್ ಆದ ಮೇಲಿನ ಮಾತು, ಜನವೂ ಕಮ್ಮಿ. ಆದ್ರೂ ಹುಟ್ಟಿದಾಗಿಂದ ಹಸಿರು ನೋಡ್ತಾ ಬೆಳೆದ ಮಲೆನಾಡಿನೋರನ್ನ ಟ್ಯೂಬ್‌ಲೈಟ್ ಕೆಳಗೆ ಮಲಗಿಸಿದ್ರೆ ಮಂಕಾಗ್ತಾರೆ, ಇದಕ್ಕೆ ನಂಗೆ ಅಧ್ಯಯನ ಬೇಡ.

ಎರಡನೇ ಕೇಸ್ ಅಂದಿದ್ರು, ಮಧ್ಯಾಹ್ನ ಆದ್ರೂ ಕರೀಲಿಲ್ಲ, ಏನೋ ಮುಚ್ಚಿಡ್ತಿದಾರಾ?

ಬಹುತೇಕ ಏನೂ ಇಲ್ಲ. ಮಧ್ಯೆ ಆಕ್ಸಿಡೆಂಟ್ ಕೇಸ್ ಬಂದಿರುತ್ತೆ, ಮೊದಲ್ನೇ ಕೇಸ್ ಉದ್ದ ಆಗಿರುತ್ತೆ. ಒಂದೂವರೆ ಗಂಟೆ ಅಂದಿದ್ದು ಮೂರಾಯ್ತು ಅಂತ ಹೊರಗೆ ಕೂತ ಮನೆಯೋರು ಅಳೋಕೆ ಶುರು ಮಾಡ್ತಾರಲ್ಲ, ಅದೂ ಹಿಂಗೇ: ಡಾಕ್ಟ್ರು ಹೇಳಿದ್ದು ಕುಯ್ದು ಹೊಲಿಯೋ ಟೈಮ್, ಮತ್ತು ಕೊಡೋದು, ಎಬ್ಬಿಸೋದು, ರಿಕವರಿ ರೂಮಲ್ಲಿ ನೋಡ್ಕೊಳ್ಳೋದು ಅದರಲ್ಲಿ ಸೇರಿರಲ್ಲ. ತಡ ಆದ್ರೆ ಗಂಟೆಗೊಂದ್ಸಲ ಒಬ್ಬರೇ ಹೋಗಿ ಕೇಳಿ. ಪೇಷೆಂಟ್‌ಗೆ ಶುಗರ್ ಇದ್ರೆ ಮಾತ್ರ ಸುಮ್ನೆ ಕಾಯಬೇಡಿ, ಸಿಸ್ಟರ್‌ಗೆ ನೆನಪಿಸಿ ಶುಗರ್ ಚೆಕ್ ಮಾಡಿಸಿ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ಮಧ್ಯದಲ್ಲಿ ಎಚ್ಚರ ಆದ್ರೆ? ಇಲ್ಲಾ ಎಚ್ಚರವೇ ಆಗ್ಲಿಲ್ಲ ಅಂದ್ರೆ?

ರಾತ್ರಿ ಪಾಳಿಯಲ್ಲಿ ಪಿಸುಮಾತಲ್ಲಿ ಕೇಳೋ ಪ್ರಶ್ನೆ. ಮಧ್ಯೆ ಅರಿವು ಬಂದು ಆಮೇಲೆ ನೆನಪಿರೋದು ಬ್ರಿಟನ್, ಐರ್ಲೆಂಡಿನ 2014ರ ದೊಡ್ಡ ವರದಿ ಪ್ರಕಾರ ಸುಮಾರು 19,000 ಜನರಲ್ಲಿ ಒಬ್ಬರಿಗೆ. ಮತ್ತು ಕೊಟ್ಟು ಹೋಗಿ ಟೀ ಕುಡಿಯಲ್ಲ ಯಾರೂ, ಅರಿವಳಿಕೆ ಡಾಕ್ಟ್ರು ಕೊನೇ ತನಕ ಉಸಿರು, ಬಿಪಿ, ಆಕ್ಸಿಜನ್ ನೋಡ್ತಾ ಔಷಧಿ ಹೆಚ್ಚು ಕಮ್ಮಿ ಮಾಡ್ತಾ ಇರ್ತಾರೆ. ಎಚ್ಚರ ಆಗಲ್ವೇನೋ ಅನ್ನೋದಕ್ಕೆ: ಔಷಧಿ ನಿಲ್ಲಿಸಿದ್ರೆ ಅದರ ಅಮಲು ಇಳಿದು ಎಚ್ಚರ ಆಗುತ್ತೆ. ಸಾಮಾನ್ಯ ಆರೋಗ್ಯ ಇದ್ದೋರಿಗೆ ಬರೀ ಅರಿವಳಿಕೆಯಿಂದ ಜೀವಕ್ಕೆ ಅಪಾಯ ಆಗೋದು ಇವತ್ತು ತುಂಬಾ ಅಪರೂಪ. ಹಾರ್ಟು, ಕಿಡ್ನಿ, ಉಬ್ಬಸ ಇದ್ದೋರಿಗೆ ರಿಸ್ಕ್ ಜಾಸ್ತಿ, ನಿಮ್ಮದು ಎಷ್ಟು ಅಂತ ನೇರ ಕೇಳಿ. ಹಿಂದೆ ಮನೇಲಿ ಯಾರಿಗಾದ್ರೂ ಮತ್ತು ಕೊಟ್ಟಾಗ ವಿಪರೀತ ಜ್ವರ ಬಂದಿದ್ರೆ, ಎಚ್ಚರ ತೀರಾ ತಡ ಆಗಿದ್ರೆ ಅದನ್ನ ಹೇಳೋದು ಮರೀಬೇಡಿ.

ಬೆನ್ನಿಗೆ ಇಂಜೆಕ್ಷನ್ ಕೊಟ್ರೆ ಜೀವನಪೂರ್ತಿ ಸೊಂಟ ನೋವು ಅಂತಾರಲ್ಲ?

ಸಿಸೇರಿಯನ್ ಆದ ಹೆಂಗಸರ ಸೊಂಟ ನೋವಿಗೆಲ್ಲ ಆ ಸೂಜಿಯನ್ನೇ ಬೈಯ್ಯೋದು ಅಭ್ಯಾಸ ಆಗಿದೆ. ಚುಚ್ಚಿದ ಜಾಗ ಕೆಲವು ದಿನ ನೋಯುತ್ತೆ, ವರ್ಷಗಟ್ಟಲೆ ನೋವಿಗೆ ಅದು ಕಾರಣ ಅಂತ ಸಾಬೀತಾಗಿಲ್ಲ, ಬಸುರಿಯಲ್ಲಿ ಸಡಿಲ ಆದ ಕೀಲು, ಬಗ್ಗಿ ಹಾಲು ಕುಡಿಸೋದು, ಬೇಗ ಕೊಡಪಾನ ಎತ್ತೋದು ಇವೆಲ್ಲ ಲೆಕ್ಕಕ್ಕೇ ಬರಲ್ಲ. ದೊಡ್ಡೋರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತೆ, ಸೂಜಿ ಹಾಕೋದು ಅದರ ಕೆಳಗೆ. ಕೂತು ಎದ್ದಾಗ ಜಾಸ್ತಿ, ಮಲಗಿದಾಗ ಕಮ್ಮಿ ಆಗೋ ತಲೆನೋವು ಕೆಲವರಿಗೆ ಬರುತ್ತೆ, ಅದಕ್ಕೆ ಚಿಕಿತ್ಸೆ ಇದೆ, ತಡ್ಕೊಂಡು ಕೂರಬೇಡಿ. ಸೂಜಿ ಹಾಕುವಾಗ ಬೆಕ್ಕಿನ ಹಾಗೆ ಬೆನ್ನು ಬಾಗಿಸಿ ಅಲ್ಲಾಡದೆ ಕೂತ್ರೆ ಬೇಗ ಮುಗಿಯುತ್ತೆ.

ಸೈನ್ ಹಾಕೋ ಪೇಪರಲ್ಲಿ ಜೀವಕ್ಕೆ ಅಪಾಯ ಆಗ್ಬಹುದು ಅಂತ ಬರೆದಿದೆ, ಓದಿ ಕೈ ನಡುಗ್ತು

ಆ ಸಾಲು ಹೆಚ್ಚುಕಮ್ಮಿ ಎಲ್ರ ಪೇಪರಲ್ಲೂ ಇರುತ್ತೆ, ನಿಮಗೆ ಅಂತ ಬರೆದಿದ್ದಲ್ಲ. "ಇದು ಎಲ್ರಿಗೂ ಬರೆಯೋದಾ, ನಂಗೆ ವಿಶೇಷವಾಗಿ ರಿಸ್ಕ್ ಇದೆಯಾ?" ಅಂತ ಕೇಳಿ ಆಮೇಲೆ ಸೈನ್ ಮಾಡಿ. ಇಂಗ್ಲಿಷಲ್ಲಿ ಇದ್ರೆ ಕನ್ನಡದಲ್ಲಿ ಓದಿ ಹೇಳೋಕೆ ಹೇಳಿ, ಅದು ನಿಮ್ಮ ಹಕ್ಕು. ಓಟಿ ಬಾಗಿಲಲ್ಲಿ ಪೆನ್ನು ಹಿಡಿಸೋದಕ್ಕಿಂತ ಹಿಂದಿನ ದಿನವೇ ಮುಗಿಸಿಕೊಂಡ್ರೆ ಎಲ್ರಿಗೂ ನೆಮ್ಮದಿ.

ನಂಗೆ ಡೀಟೇಲ್ಸ್ ಹೇಳಿದಷ್ಟೂ ಭಯ ಜಾಸ್ತಿ ಆಗುತ್ತೆ, ಹೇಳಲೇಬೇಡಿ ಅನ್ನಬಹುದಾ?

ಅನ್ನಬಹುದು, ಎಲ್ರಿಗೂ ಎಲ್ಲಾ ಗೊತ್ತಾಗಲೇಬೇಕು ಅಂತೇನಿಲ್ಲ. ಹಾಲೆಂಡಿನೋರು 1996ರಲ್ಲಿ ಒಂದು ಸಣ್ಣ ಪ್ರಶ್ನಾವಳಿ ಮಾಡಿದಾರೆ, ಬರೀ ಆರು ಪ್ರಶ್ನೆ, ನಾಲ್ಕು ಹೆದರಿಕೆ ಬಗ್ಗೆ, ಎರಡು ನಿಂಗೆ ಎಷ್ಟು ಮಾಹಿತಿ ಬೇಕು ಅನ್ನೋದರ ಬಗ್ಗೆ. ಅವೆರಡೂ ಬೇರೆ ಬೇರೆ ಅಂತ ಅವರೂ ಲೆಕ್ಕ ಹಿಡಿದಿದಾರೆ. ಹೆದರಿಕೆಗೆ 20ಕ್ಕೆ 11 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಗಮನ ಕೊಡಬೇಕು ಅಂತ. "ನಾನೇನು ಮಾಡಬೇಕು ಅಷ್ಟು ಹೇಳಿ, ಒಳಗೆ ನೀವೇನು ಮಾಡ್ತೀರಿ ಬೇಡ, ಅದನ್ನ ನನ್ನ ಮಗಳಿಗೆ ಹೇಳಿ" ಅನ್ನಿ. ದೊಡ್ಡ ರಿಸ್ಕ್ ಏನಾದ್ರೂ ಇದ್ರೆ ಅದನ್ನ ಮಾತ್ರ ನಿಮಗೇ ಹೇಳಬೇಕಾಗುತ್ತೆ. ಯೂಟ್ಯೂಬಲ್ಲಿ ಆಪರೇಷನ್ ವಿಡಿಯೋ ನೋಡೋದು ಯಾರಿಗೂ ಬೇಡ.

ಮಗೂಗೆ ಟಾನ್ಸಿಲ್ ಆಪರೇಷನ್, ಐಸ್‌ಕ್ರೀಮ್ ಕೊಡ್ಸೋಕೆ ಹೋಗ್ತಿದೀವಿ ಅಂತ ಹೇಳಿ ಕರ್ಕೊಂಡು ಬರ್ಲಾ?

ದಯವಿಟ್ಟು ಬೇಡ. ಒಂದ್ಸಲ ಮೋಸ ಹೋದ ಮಗು ಆಮೇಲೆ ಬಿಳಿ ಕೋಟು ಕಂಡ್ರೆ ಕಿರುಚುತ್ತೆ, ನಿಮ್ಮ ಮಾತೂ ನಂಬಲ್ಲ. ತೀರಾ ಪುಟ್ಟ ಮಗೂಗೆ ಹಿಂದಿನ ದಿನ, ಶಾಲೆಗೆ ಹೋಗೋ ಮಗೂಗೆ ನಾಲ್ಕೈದು ದಿನ ಮುಂಚೆ ಹೇಳಿ: ಗಂಟಲಲ್ಲಿ ಗಾಯ ಇದೆ, ಡಾಕ್ಟ್ರು ನಿದ್ದೆ ಬರ್ಸಿ ಸರಿ ಮಾಡ್ತಾರೆ, ಎದ್ದಾಗ ಸ್ವಲ್ಪ ನೋಯುತ್ತೆ, ಅಮ್ಮ ಅಲ್ಲೇ ಇರ್ತೀನಿ. ನೋವೇ ಆಗಲ್ಲ ಅನ್ನಬೇಡಿ. ಮನೇಲಿ ಗೊಂಬೆಗೆ ಮಾಸ್ಕ್ ಹಾಕಿ ಆಟ ಆಡ್ಸಿ, ಮಲಗುವಾಗ ಹೊದ್ಕೊಳ್ಳೋ ಹಳೇ ಸೀರೆ ತುಂಡು ಜೊತೆಗೆ ತನ್ನಿ. ಮತ್ತು ಬರೋ ತನಕ ಅಮ್ಮನೋ ಅಪ್ಪನೋ ಒಳಗೆ ಬರಬಹುದಾ ಕೇಳಿ, ಆದ್ರೆ ಇಬ್ಬರಲ್ಲಿ ಯಾರು ಅಳಲ್ವೋ ಅವರು ಬನ್ನಿ, ಅಪ್ಪ ಅಮ್ಮನ ಗಾಬರಿ ಮಗೂಗೆ ನೇರ ಅಂಟುತ್ತೆ. ತುಂಬಾ ಹಠ ಇದ್ರೆ ಕುಡಿಸೋ ಮತ್ತಿನ ಸಿರಪ್ ಇದೆ. ಎದೆಹಾಲು ಕುಡಿಯೋ ಕೂಸಿಗೆ 4 ಗಂಟೆ ಮುಂಚೆ ತನಕ ಹಾಲು ಕೊಡಬಹುದು.

ಅಪ್ಪಂಗೆ ಕ್ಯಾನ್ಸರ್ ಅಂತ ಹೇಳಿಲ್ಲ, ಗಡ್ಡೆ ಅಂತ ಮಾತ್ರ ಹೇಳಿದೀವಿ, ಸಿಸ್ಟರ್ ನೀವೂ ಹೇಳ್ಬೇಡಿ

ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಅಪ್ಪಂಗೆ ಅರ್ಧ ಗೊತ್ತಿರುತ್ತೆ ಕಣ್ರಿ. ನೀವು ಕಾರಿಡಾರಲ್ಲಿ ನಿಂತು ಮಾತಾಡಿ ಒಳಗೆ ಬಂದು ನಗು ಮುಖ ಮಾಡೋದನ್ನ ಅವರು ನೋಡ್ತಾ ಇರ್ತಾರೆ, ನಿಮಗೆ ಬೇಜಾರಾಗುತ್ತೆ ಅಂತ ಅವರೂ ಕೇಳಲ್ಲ, ಹಿಂಗೆ ಇಬ್ಬರೂ ನಾಟಕ ಆಡ್ತಾ ಒಂಟಿಯಾಗಿ ಹೆದರ್ತಾರೆ. ಎಲ್ಲಾ ಒಂದೇ ಸಲ ಹೇಳ್ಬಿಡಿ ಅಂತಲ್ಲ. "ಅಪ್ಪ, ನಿಮಗೆ ಏನಾಗಿದೆ ಅಂತ ಅನ್ಸುತ್ತೆ? ಡಾಕ್ಟ್ರು ಹೇಳಿದ್ದು ಪೂರ್ತಿ ತಿಳ್ಕೋಬೇಕು ಅನ್ಸುತ್ತಾ?" ಅಂತ ಕೇಳಿ, ಅವರು ಬೇಡ ಅಂದ್ರೆ ಅಲ್ಲಿಗೆ ಬಿಡಿ, ಹೂಂ ಅಂದ್ರೆ ಡಾಕ್ಟ್ರ ಜೊತೆ ಕೂತು ಹೇಳಿ. ನಾನಾಗಿ ನಾನು ಹೇಳಲ್ಲ, ಆದ್ರೆ ಅವರು ನನ್ನ ಕೈ ಹಿಡಿದು ನೇರ ಕೇಳಿದ್ರೆ ಸುಳ್ಳೂ ಹೇಳಲ್ಲ, ಡಾಕ್ಟ್ರನ್ನ ಕರೀತೀನಿ.

ಅಜ್ಜಿಗೆ ಎಂಬತ್ತು ದಾಟಿದೆ, ಸೊಂಟದ ಮೂಳೆ ಆಪರೇಷನ್ ಆದ ಮೇಲೆ ತಲೆ ಕೆಟ್ಟ ಹಾಗೆ ಮಾತಾಡ್ತಾರಂತೆ, ತಡೆಯೋಕೆ ಆಗಲ್ವಾ?

ಪೂರ್ತಿ ಅಲ್ಲ, ತಕ್ಕಮಟ್ಟಿಗೆ ಆಗುತ್ತೆ. ವಯಸ್ಸಾದೋರಿಗೆ ಆಪರೇಷನ್ ಆದ ಒಂದೆರಡು ದಿನದಲ್ಲಿ, ಅದರಲ್ಲೂ ಸಂಜೆ ರಾತ್ರಿ, ಗೊಂದಲ ಬರೋದು ಸಾಮಾನ್ಯ, ಬಹುತೇಕರಿಗೆ ಸರಿಹೋಗುತ್ತೆ. ಕನ್ನಡಕ, ಕಿವಿ ಮೆಷಿನ್ ಬೇಗ ವಾಪಸ್ ಹಾಕಿ, ಹಗಲು ಎಬ್ಬಿಸಿ ಕೂರ್ಸಿ, ರಾತ್ರಿ ಲೈಟ್ ಗಲಾಟೆ ಕಮ್ಮಿ ಮಾಡಿ, ಪರಿಚಯದ ಮುಖ ಒಂದು ಪಕ್ಕದಲ್ಲಿ ಇರ್ಲಿ, "ಅಜ್ಜಿ ಇದು ಶಿವಮೊಗ್ಗ, ಆಸ್ಪತ್ರೆ, ಇವತ್ತು ಮಂಗಳವಾರ" ಅಂತ ಹೇಳ್ತಾ ಇರಿ. ನಿದ್ದೆ ಮಾತ್ರೆಯಿಂದ ಇದು ಜಾಸ್ತಿ ಆಗಬಹುದು, ಹಾಗಾಗಿ ಅಜ್ಜಿ ಹೆದರ್ತಾರೆ ಅಂತ ಮುಂಚೆ ಮಾತ್ರೆ ಕೊಡ್ಸೋಕೆ ಒತ್ತಾಯ ಮಾಡಬೇಡಿ.

ನಂಗೆ ಮೊದಲಿಂದಾನೂ ಪ್ಯಾನಿಕ್ ಅಟ್ಯಾಕ್ ಇದೆ, ಮಾತ್ರೆ ತಗೋತೀನಿ, ಹೇಳಿದ್ರೆ ಆಪರೇಷನ್ ಮಾಡಲ್ಲ ಅಂತಾರಾ?

ಅಷ್ಟಕ್ಕೆಲ್ಲ ಆಪರೇಷನ್ ನಿಲ್ಲಿಸಲ್ಲ, ಹೇಳದಿದ್ರೇ ತೊಂದರೆ. ಆ ಮಾತ್ರೆಗಳನ್ನ ನೀವಾಗೇ ನಿಲ್ಲಿಸಬೇಡಿ, ಕೆಲವನ್ನ ತಟ್ಟನೆ ಬಿಟ್ರೆ ಗಾಬರಿ ಎರಡು ಪಟ್ಟು ಆಗುತ್ತೆ, ಕೆಲವು ಅರಿವಳಿಕೆ ಔಷಧಿ ಜೊತೆ ಹೊಂದಲ್ಲ, ಅದಕ್ಕೆ ಚೀಟಿ ತೋರ್ಸಿ. ಲಿಸ್ಟಲ್ಲಿ ಮೊದಲ್ನೇ ಕೇಸ್ ಹಾಕಿ ಅಂತ ಕೇಳಿ, ಕಾಯೋದು ಉಳಿಯುತ್ತೆ. ಡೇಟ್‌ಗೆ ಇನ್ನೂ ವಾರಗಳಿವೆ, ದಿನಾ ರಾತ್ರಿ ಒದ್ದಾಡ್ತಿದೀರಿ ಅಂದ್ರೆ ಟೆಲಿಮನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ.

ಇಷ್ಟೆಲ್ಲಾ ಆದ್ರೂ ಆಗಲ್ಲ ಅನ್ಸಿದ್ರೆ ಎದ್ದು ಮನೆಗೆ ಹೋಗ್ಬಹುದಾ?

ಹೋಗಬಹುದು, ಸೈನ್ ಹಾಕಿದ ಮೇಲೂ ಮನಸ್ಸು ಬದಲಾಯಿಸೋ ಹಕ್ಕು ಪೇಷೆಂಟ್‌ಗೆ ಇದೆ. ಆದ್ರೆ ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿಗೆ ಹೋಗಿ ಸಾಗರದ ಬಸ್ ಹತ್ತಬೇಡಿ, ಹಂಗೆ ಹೋದೋರು ಇದಾರೆ. ಸರ್ಜನ್‌ನ ಕೇಳಿ, ಈಗ ಮಾಡಿಸದಿದ್ರೆ ಏನಾಗುತ್ತೆ, ಎಷ್ಟು ದಿನ ತಳ್ಳಬಹುದು ಅಂತ. ಕಣ್ಣಿನ ಪೊರೆ ಆದ್ರೆ ಒಂದು ತಿಂಗಳು ತಡ ಆದ್ರೆ ನಡೆಯುತ್ತೆ, ಮತ್ತೆ ಮತ್ತೆ ನೋಯೋ ಹರ್ನಿಯಾ ಆದ್ರೆ ಯಾವತ್ತೋ ರಾತ್ರಿ ಸಿಕ್ಕಿಬಿದ್ದು ಎಮರ್ಜೆನ್ಸಿ ಆಗಬಹುದು, ಆಗ ಮಳೇಲಿ ಘಟ್ಟದ ರಸ್ತೆ ದಾಟಿ ಬರಬೇಕು. ತಳ್ಳಬಹುದು ಅಂದ್ರೆ ಹೊಸ ಡೇಟ್ ಬರೆಸ್ಕೊಂಡು, ಟೆಸ್ಟ್ ರಿಪೋರ್ಟು, ಡಿಸ್ಚಾರ್ಜ್ ಚೀಟಿ ಎಲ್ಲಾ ಇಸ್ಕೊಂಡು, ಯಾವ ಲಕ್ಷಣ ಕಂಡ್ರೆ ತಕ್ಷಣ ವಾಪಸ್ ಬರಬೇಕು ಅಂತ ಕೇಳ್ಕೊಂಡು ಹೋಗಿ.